ಎರಡು ಊರಿನ ಸರ್ವೆ ಉತ್ತರ ನಿಜಕ್ಕೂ ಬೇರೆಯೇ ಎಂದು ಕೈ-ಸ್ಕ್ವೇರ್ ಪರೀಕ್ಷೆ ಹೇಗೆ ಹೇಳುತ್ತದೆ?

ಊರಿಗೂ ಉತ್ತರಕ್ಕೂ ಸಂಬಂಧವೇ ಇಲ್ಲದಿದ್ದರೆ ಎಷ್ಟು ಜನ ಏನು ಹೇಳಬೇಕಿತ್ತು ಎಂದು ಲೆಕ್ಕ ಹಾಕಿ, ನಿಜವಾಗಿ ಬಂದ ಎಣಿಕೆ ಅದರಿಂದ ಎಷ್ಟು ದೂರವಿದೆ ಎಂದು ಅಳೆಯುತ್ತದೆ. ಅಷ್ಟೇ. (ಕೈ ಅಂದರೆ ಗ್ರೀಕ್ ಅಕ್ಷರ, ನಮ್ಮ ಕೈ ಅಲ್ಲ. ಈ ಪರೀಕ್ಷೆಯನ್ನು 1900ರಲ್ಲಿ ಕೊಟ್ಟದ್ದು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್.)

ನಮ್ಮ ಕಾಸರಗೋಡಿನದೇ ಲೆಕ್ಕ ತೆಗೆದುಕೊಳ್ಳಿ, ಸಂಖ್ಯೆ ಮಾತ್ರ ಕಲ್ಪನೆಯದು. ಬೆಳಿಗ್ಗೆ ಮನೆಗೆ ಯಾವ ಪೇಪರ್ ಬರುತ್ತದೆ ಎಂದು ಮಂಜೇಶ್ವರದ 100, ಕಾಸರಗೋಡು ಪೇಟೆಯ 100 ಮನೆಯಲ್ಲಿ ಕೇಳಿದಿರಿ. ಮಂಜೇಶ್ವರದಲ್ಲಿ 60 ಕನ್ನಡ, 40 ಮಲಯಾಳ. ಪೇಟೆಯಲ್ಲಿ 40 ಕನ್ನಡ, 60 ಮಲಯಾಳ. ಊರಿನಿಂದ ವ್ಯತ್ಯಾಸವಿಲ್ಲ ಅಂದರೆ ಪಟ್ಟಿಯ ನಾಲ್ಕೂ ಚೌಕದಲ್ಲಿ 50 ಇರಬೇಕಿತ್ತು, ಅಲ್ವಾ? ಪ್ರತಿ ಚೌಕದಲ್ಲೂ 10ರ ಅಂತರ. ಅದರ ವರ್ಗ 100, ಅದನ್ನು 50ರಿಂದ ಭಾಗಿಸಿದರೆ 2. ನಾಲ್ಕೂ ಕೂಡಿಸಿ 8.

ಇಂಥ ಎರಡು ಊರು, ಎರಡು ಉತ್ತರದ ಪಟ್ಟಿಯಲ್ಲಿ ಈ ಮೊತ್ತ ಸುಮ್ನೆ ಅದೃಷ್ಟದಿಂದ 3.84 ದಾಟುವುದು ನೂರಕ್ಕೆ ಸುಮಾರು ಐದು ಸಲ ಮಾತ್ರ. 8 ಬಂದಿದೆ, ಹಾಗಾಗಿ ವ್ಯತ್ಯಾಸ ಆಕಸ್ಮಿಕ ಅನ್ನುವುದು ಕಷ್ಟ. ಕಾರಣ ಏನು ಅಂತ ಮಾತ್ರ ಈ ಪರೀಕ್ಷೆ ಹೇಳುವುದಿಲ್ಲ.

ಜಾಸ್ತಿ ಜನ ಎಡವುವುದು ಶೇಕಡಾವಾರು ಹಾಕುವಲ್ಲಿ. ಹಾಗೆ ಮಾಡಬೇಡಿ, ಎಣಿಕೆಯನ್ನೇ ಹಾಕಿ. ಊರಿಗೆ ಹತ್ತೇ ಮನೆ ಕೇಳಿ 6-4, 4-6 ಬಂದಿದ್ದರೂ ಶೇಕಡಾ ಅದೇ, ಆದರೆ ಮೊತ್ತ ಬರೀ 0.8! ಒಂದೇ ಮನೆಯನ್ನು ಎರಡು ಸಲ ಎಣಿಸಲೂ ಬಾರದು. ನಿರೀಕ್ಷಿತ ಸಂಖ್ಯೆ (ಮೇಲಿನ ಲೆಕ್ಕದ 50ರಂಥದ್ದು) 5ಕ್ಕಿಂತ ಕಡಿಮೆಯಾದರೆ, ಸಣ್ಣ ಎಣಿಕೆಗೆ ಹೊಂದುವ ಫಿಶರ್ ಪರೀಕ್ಷೆ ಬಳಸಿ.