ಉಗಿ ಹಡಗು ಬಂದರೂ ಹಾಯಿ ಇಳಿಯಲಿಲ್ಲ

ನಮಸ್ಕಾರ. ಹೋದ ಸಂಚಿಕೆಯ ಐದು ಕೂವೆಮರದ (ಹಾಯಿ ಕಟ್ಟುವ ಕಂಬ) ಹಾಯಿ ಹಡಗಿನ ಚಿತ್ರ ನೋಡಿ ನೀವು ಬರೆದಿದ್ದೀರಿ: ‘ಕೆಳಗೆ 1902 ಅಂತ ಹಾಕಿದ್ದೀರಿ. ಅಷ್ಟು ಹೊತ್ತಿಗೆ ಉಗಿ ಹಡಗು ಬಂದು ಎಷ್ಟೋ ಕಾಲ ಆಗಿತ್ತಲ್ವಾ? ಇಸವಿ ತಪ್ಪಿರಬೇಕು. ಅಂಥ ದೊಡ್ಡ ಹಾಯಿ ಹಡಗು ಈಗ ಎಲ್ಲಾದರೂ ಉಳಿದಿದೆಯಾ?’

ಇಸವಿ ಸರಿಯಾಗಿಯೇ ಇದೆ. ಅದು ಜರ್ಮನಿಯ ‘ಪ್ರಾಯ್ಸೆನ್’. ಆದರೆ ನಿಮ್ಮ ಅನುಮಾನವೂ ಸಹಜವೇ. ಉಗಿ ಬಂತು, ಹಾಯಿ ಹೋಯಿತು ಅಂತ ಒಂದೇ ಸಾಲಿನಲ್ಲಿ ಓದಿಕೊಂಡು ಬಂದವರು ನಾವು. ಸಮುದ್ರದಲ್ಲಿ ಹಾಗಾಗಲಿಲ್ಲ. ಅದಕ್ಕೆ ಕಾರಣ ಕಲ್ಲಿದ್ದಲು.

1819ರಲ್ಲಿ ‘ಸವಾನಾ’ ಎಂಬ ಅಮೆರಿಕದ ಹಡಗು ಉಗಿ ಯಂತ್ರ ಹೊತ್ತು ಅಟ್ಲಾಂಟಿಕ್ ದಾಟಿತು. ದೊಡ್ಡ ಸಾಧನೆ ಅಂತ ಎಲ್ಲ ಕಡೆ ಬರೆಯುತ್ತಾರೆ. ಆದರೆ 29 ದಿನದ ಆ ಪ್ರಯಾಣದಲ್ಲಿ ಯಂತ್ರ ಓಡಿದ್ದು ಸುಮಾರು 80 ಗಂಟೆ ಮಾತ್ರ! ಉಳಿದದ್ದೆಲ್ಲ ಹಾಯಿಯ ಕೆಲಸ. ಯಂತ್ರ ಬೇಡವಾದಾಗ ನೀರು ತಳ್ಳುವ ಪಕ್ಕದ ಚಕ್ರಗಳನ್ನು ಮಡಚಿ ಹಡಗಿನ ಮೇಲಕ್ಕೇ ಎಳೆದುಕೊಳ್ಳುತ್ತಿದ್ದರು. ಕೊನೆಗೆ ಆ ಯಂತ್ರವನ್ನೂ ಕಿತ್ತುಹಾಕಿದರು.

ಆಗಿನ ಯಂತ್ರಗಳು ಬಕಾಸುರನ ಹಾಗೆ ಕಲ್ಲಿದ್ದಲು ತಿನ್ನುತ್ತಿದ್ದವು. ದೂರ ಹೋದಷ್ಟೂ ಕಲ್ಲಿದ್ದಲು ಜಾಸ್ತಿ ಬೇಕು, ಸರಕಿಗೆ ಜಾಗ ಕಮ್ಮಿ. ಅದಕ್ಕೇ ದಾರಿಯ ಬಂದರುಗಳಲ್ಲಿ ಕಲ್ಲಿದ್ದಲು ರಾಶಿ ಹಾಕಿಡಬೇಕಾಯಿತು. ದೂರದ ಬಂದರುಗಳಿಗೆ ಅದನ್ನು ಹೊತ್ತು ತಂದವರು ಯಾರು? ಎಷ್ಟೋ ಸಲ ಹಾಯಿ ಹಡಗುಗಳೇ. ಎದುರಾಳಿಗೆ ಊಟ ಬಡಿಸುತ್ತಲೇ ಅವು ಬದುಕಿಕೊಂಡವು.

1860ರ ದಶಕದಲ್ಲಿ ಲೆಕ್ಕ ಬದಲಾಯಿತು. ಒಂದು ಸಿಲಿಂಡರಿನಲ್ಲಿ ದುಡಿದ ಉಗಿಯನ್ನೇ ಇನ್ನೊಂದಕ್ಕೆ ಬಿಟ್ಟು ಮತ್ತೆ ದುಡಿಸುವ ಯಂತ್ರ ದೂರದ ದಾರಿಗೂ ಬಂತು. ಕಲ್ಲಿದ್ದಲಿನ ಖರ್ಚು ಇಳಿಯಿತು. 1869ರ ನವೆಂಬರ್ 17ರಂದು ಯೂರೋಪು–ಏಷ್ಯಾದ ದಾರಿ ಮೊಟಕು ಮಾಡುವ ಸೂಯೆಜ್ ಕಾಲುವೆ ತೆರೆಯಿತು. ಕೆಂಪು ಸಮುದ್ರದ ಗಾಳಿ ಹಾಯಿಗೆ ಒಗ್ಗುವುದಿಲ್ಲ, ಕಾಲುವೆಯಲ್ಲಂತೂ ಇನ್ನೊಬ್ಬರು ಎಳೆದುಕೊಂಡು ಹೋಗಬೇಕು. ಚೀನಾದ ಚಹಾ ಸಾಗಿಸಲೆಂದೇ ಕಟ್ಟಿದ ‘ಕಟಿ ಸಾರ್ಕ್’ ಎಂಬ ಹಾಯಿ ಹಡಗು ನೀರಿಗಿಳಿದದ್ದು ಅದಾಗಿ ಐದೇ ದಿನಕ್ಕೆ. ಎಂಥ ಗ್ರಹಚಾರ ನೋಡಿ!

ಚಹಾ ಕೈತಪ್ಪಿದ ಮೇಲೆ ಅದು ಆಸ್ಟ್ರೇಲಿಯಾದಿಂದ ಉಣ್ಣೆ ಹೊರುವುದಕ್ಕೆ ಹೋಯಿತು. 1889ರ ಜುಲೈನ ಒಂದು ರಾತ್ರಿ, ಸಿಡ್ನಿಗೆ ಹೊರಟಿದ್ದ ‘ಬ್ರಿಟಾನಿಯಾ’ ಎಂಬ ಉಗಿ ಹಡಗಿನ ಕಾವಲಿನ ಅಧಿಕಾರಿಗೆ ಹಿಂದೆ ಒಂದು ದೀಪ ಕಂಡಿತು. ದೀಪ ಹತ್ತಿರವಾಗುತ್ತಲೇ ಬಂತು. ತನ್ನ ಹಡಗೇ 14 ನಾಟ್‌ಗೂ (ಗಂಟೆಗೆ ಸುಮಾರು 26 ಕಿ.ಮೀ.) ಹೆಚ್ಚು ವೇಗದಲ್ಲಿದೆ, ಹಿಂದಿನದು ಯಾವುದು ಅಂತ ಆತ ಕ್ಯಾಪ್ಟನ್‌ನನ್ನು ಕರೆದ. ಹಾಯಿ ಬಿಚ್ಚಿಕೊಂಡು ಪಕ್ಕದಲ್ಲೇ ಮುಂದೆ ಹೋದದ್ದು ಕಟಿ ಸಾರ್ಕ್. ಆಗ ಅದಕ್ಕೆ ಇಪ್ಪತ್ತು ವರ್ಷ.

ಇನ್ನು ನಿಮ್ಮ ಪ್ರಾಯ್ಸೆನ್. ಉಕ್ಕಿನ ಒಡಲು, ಉಕ್ಕಿನ ಕೂವೆಮರ, 47 ಹಾಯಿ. ಸರಕು ಏರಿಸಿ ಇಳಿಸಲು ಪುಟ್ಟ ಉಗಿ ಯಂತ್ರಗಳೂ ಇದ್ದವು, ಅಷ್ಟರ ಮಟ್ಟಿಗೆ ರಾಜಿ! ಇದು ಚಿಲಿಯಿಂದ ನೈಟ್ರೇಟ್ ತರುತ್ತಿತ್ತು. ಗೊಬ್ಬರಕ್ಕೂ ಸಿಡಿಮದ್ದಿಗೂ ಬೇಕಾದ ಸರಕು, ನಾಲ್ಕು ದಿನ ತಡವಾದರೂ ಕೊಳೆಯುವಂಥದ್ದಲ್ಲ. ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರ ಸುತ್ತುವ ಆ ದೂರದ ದಾರಿಯಲ್ಲಿ ಬಿಟ್ಟಿ ಗಾಳಿಯೇ ಲಾಭ. 1910ರಲ್ಲಿ ಇಂಗ್ಲೆಂಡ್–ಫ್ರಾನ್ಸ್ ನಡುವಿನ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಒಂದು ಉಗಿ ಹಡಗು ಇದರ ಮುಂದೆ ದಾಟಲು ಹೋಗಿ ಡಿಕ್ಕಿ ಹೊಡೆಯಿತು. ಹಾಯಿ ಹಡಗು ಅಷ್ಟು ಜೋರಾಗಿ ಬರುತ್ತದೆ ಅಂತ ಅದು ಎಣಿಸಿರಲಿಲ್ಲ. ಕಡೆಗೆ ಪ್ರಾಯ್ಸೆನ್ ಡೋವರ್ ಬಳಿಯ ಬಂಡೆಗಳಲ್ಲಿ ಸಿಕ್ಕಿಕೊಂಡು ಹಾಳಾಯಿತು.

1914ರಲ್ಲಿ ಪನಾಮಾ ಕಾಲುವೆ ಹಾರ್ನ್ ದಾರಿಯನ್ನೂ ಕಿತ್ತುಕೊಂಡಿತು. ಆಮೇಲೂ ಆಸ್ಟ್ರೇಲಿಯಾದ ಧಾನ್ಯ ಉಳಿದಿತ್ತು. ‘ಪಾಮೀರ್’ ಮತ್ತು ‘ಪಾಸಾಟ್’ ಎಂಬ ಹಾಯಿ ಹಡಗುಗಳು ಕೊನೆಯ ಬಾರಿ ಅದನ್ನು ಹೊತ್ತು ಯೂರೋಪಿಗೆ ಹೊರಟಿದ್ದು 1949ರಲ್ಲಿ.

ಉಳಿದಿವೆಯಾ ಅಂತ ಕೇಳಿದ್ದೀರಿ. ಕಟಿ ಸಾರ್ಕ್ ಲಂಡನ್ನಿನ ಗ್ರಿನಿಚ್‌ನಲ್ಲಿದೆ, ಪಾಸಾಟ್ ಜರ್ಮನಿಯ ಟ್ರಾವೆಮ್ಯುಂಡೆಯಲ್ಲಿ. ಎರಡರ ಮೇಲೂ ಹತ್ತಿ ನೋಡಬಹುದು.