ಪೂರ್ತಿ ಗುಣವಾಗುವವರೆಗೆ ಮಗ ಮನೆಯಲ್ಲೇ ಇರಬೇಕೇ?

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಮಗನಿಗೆ ಗೀಳು ಕಾಯಿಲೆ ಇದೆ. ಚಿಕಿತ್ಸೆಯಿಂದ ಸಾಕಷ್ಟು ಸುಧಾರಿಸಿದ್ದರೂ ಬಿಸಿಯೂಟದ ಹೊತ್ತಿಗೆ ನಲ್ಲಿಯ ಬಳಿ ನಿಂತು ಕೈ ತೊಳೆಯುತ್ತಲೇ ಇರುತ್ತಾನೆ. ಮಕ್ಕಳು ನಗುತ್ತಾರೆ. ‘ಪೂರ್ತಿ ಗುಣವಾದ ಮೇಲೆ ಕಳುಹಿಸಿ’ ಎನ್ನುತ್ತಾರೆ ಶಾಲೆಯವರು. ಶುಭಕಾರ್ಯಗಳಿಗೂ ಅವನನ್ನು ಬಿಟ್ಟು ಬನ್ನಿ ಎಂದು ನೆಂಟರು ಸೂಚಿಸುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ತುಮಕೂರು ಜಿಲ್ಲೆ

ಉತ್ತರ: ದಯವಿಟ್ಟು ಶಾಲೆ ಬಿಡಿಸಬೇಡಿ. ಗೀಳು ಕಾಯಿಲೆ ಹಲವರಲ್ಲಿ ಏರಿಳಿಯುತ್ತ ವರ್ಷಗಟ್ಟಲೆ ಉಳಿಯುವುದರಿಂದ, ಪೂರ್ತಿ ಗುಣವಾಗಲೆಂದು ಕಾಯುತ್ತ ಕುಳಿತರೆ ಹುಡುಗನಿಗೆ ಓದು, ಆಟ, ಗೆಳೆತನ ಎಲ್ಲವೂ ಕೈತಪ್ಪುತ್ತವೆ. ಕೈ ಕೊಳೆಯಾಯಿತೆಂಬ ಆತಂಕವನ್ನು ಮತ್ತೆ ಮತ್ತೆ ತೊಳೆಯದೆಯೇ ಸಹಿಸಿಕೊಳ್ಳಲು ಹಂತಹಂತವಾಗಿ ಕಲಿಸುವುದು ಇದರ ಮುಖ್ಯ ಮನೋಚಿಕಿತ್ಸೆ. ಆ ಅಭ್ಯಾಸ ಗಟ್ಟಿಯಾಗಬೇಕಾದುದು ಶಾಲೆಯ ನಲ್ಲಿಯ ಬಳಿ, ಊಟದ ಸಾಲಿನಲ್ಲಿಯೇ ಹೊರತು ಮುಚ್ಚಿದ ಕೋಣೆಯಲ್ಲಲ್ಲ.

ಚಿಕಿತ್ಸಕರು ಹಾಕಿಕೊಟ್ಟ ಕ್ರಮವನ್ನು ತರಗತಿಯ ಶಿಕ್ಷಕರಿಗೆ ತಿಳಿಸಿ. ಎಷ್ಟು ಹೇಳಬಹುದೆಂದು ಮೊದಲು ಮಗನನ್ನೇ ಕೇಳಿ. ಎಲ್ಲರೆದುರು ಗದರುವುದೂ ಬೇಡ, ಕನಿಕರದಿಂದ ‘ಇನ್ನೊಂದು ಸಲ ತೊಳೆದುಕೋ’ ಎನ್ನುವುದೂ ಬೇಡ, ಏಕೆಂದರೆ ಎರಡರಿಂದಲೂ ಗೀಳು ಬಲಿಯುತ್ತದೆ. ಸಹಪಾಠಿಯೊಬ್ಬ ‘ಬಾರೋ, ನಿನಗೆ ಜಾಗ ಹಿಡಿದಿದ್ದೇನೆ’ ಎಂದು ಕರೆದರೆ, ಅದು ದೊಡ್ಡವರ ಉಪದೇಶಕ್ಕಿಂತ ಹೆಚ್ಚು ಫಲ ಕೊಡುತ್ತದೆಂಬುದು ನನ್ನ ದೃಢವಾದ ನಂಬಿಕೆ. ಅಂಥ ಒಬ್ಬ ಗೆಳೆಯನನ್ನು ಗುರುತಿಸಿಕೊಡುವಂತೆ ಶಿಕ್ಷಕರನ್ನು ಕೇಳಿಕೊಳ್ಳಿ.

ಶಾಲೆಯವರು ಪಟ್ಟು ಹಿಡಿದರೆ ಕಾನೂನು ನಿಮ್ಮ ಪರವಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಅಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು, ಪಾಠದಲ್ಲಷ್ಟೇ ಅಲ್ಲದೆ ಆಟೋಟಗಳಲ್ಲಿಯೂ ಸಮಾನ ಅವಕಾಶ ನೀಡಬೇಕೆಂದು ಅದರ 16ನೆಯ ಸೆಕ್ಷನ್ ಹೇಳುತ್ತದೆ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಪತ್ರ ಸಿಕ್ಕರೆ, 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕೂ ಇದೆ. ಮುಖ್ಯೋಪಾಧ್ಯಾಯರು ಒಪ್ಪದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.

ನೆಂಟರ ವಿಷಯದಲ್ಲಿ ಸಂಕೋಚ ಬೇಡ. ‘ಅವನೂ ಬರುತ್ತಾನೆ’ ಎಂದು ಮೊದಲೇ ತಿಳಿಸಿ ಕರೆದೊಯ್ಯಿರಿ. ಒಂದು ಗಂಟೆ ಇದ್ದು ಬಂದರೂ ಸಾಕು. ತಾಂಬೂಲ ಹಂಚುವಂಥ ಕೆಲಸ ಅವನ ಪಾಲಿಗೆ ಬಂದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲವನ್ನೂ ನೀವೊಬ್ಬರೇ ಹೊತ್ತುಕೊಂಡಿದ್ದೀರಿ. ಟೆಲಿ-ಮಾನಸ್‌ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಮಗನಿಗಾಗಿ ಮಾತ್ರವಲ್ಲ, ನಿಮಗೆ ಸಾಕೆನಿಸಿದ ದಿನವೂ ಕರೆ ಮಾಡಿ.