ಪ್ರಶ್ನೋತ್ತರ: ಆವೃತ್ತಿಯ ಸಂಖ್ಯೆ ಹಳೆಯದೇ ಇದೆ, ಹಾಗಾದರೆ ಬದಲಾದದ್ದೇನು?

ಪ್ರಶ್ನೆ: ನಮ್ಮ ಸಹಕಾರ ಸಂಘದ ಕಚೇರಿಯ ಸರ್ವರ್ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ನಡೆಯುತ್ತಿದೆ. ತಪಾಸಣೆಗೆ ಬಂದವರು ಅದನ್ನು ಸ್ಕ್ಯಾನ್ ಮಾಡಿ, ‘ದೂರದಿಂದ ಲಾಗಿನ್ ಆಗಲು ಇದರಲ್ಲಿರುವ ಓಪನ್‌ಎಸ್‌ಎಸ್‌ಎಚ್ 9.2 ಹಳೆಯದು, ಸಿವಿಇ-2024-6387 ಎಂಬ ದೋಷ ಇದರಲ್ಲಿದೆ, 9.8ಕ್ಕೆ ಏರಿಸಬೇಕು’ ಎಂದು ವರದಿ ಕೊಟ್ಟಿದ್ದಾರೆ. ನಾನು ಅಪ್‌ಡೇಟ್‌ಗಳನ್ನು ತಪ್ಪದೆ ಹಾಕುತ್ತಾ ಬಂದಿದ್ದೇನೆ. ಆದರೂ ಸಂಖ್ಯೆ 9.2ರಲ್ಲೇ ನಿಂತಿದೆ. ಅಪ್‌ಡೇಟ್ ಆದಾಗ ನಿಜಕ್ಕೂ ಏನು ಬದಲಾಗುತ್ತದೆ? ಅದನ್ನು ತಿಳಿಯುವುದು ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಯಂತ್ರ ಬಹುಮಟ್ಟಿಗೆ ಸುರಕ್ಷಿತವಾಗಿಯೇ ಇರಬೇಕು. ಆದರೆ ‘ಇರಬೇಕು’ ಎಂಬ ಮಾತನ್ನು ತಪಾಸಣೆಯವರ ಮುಂದೆ ಇಡಲಾಗದು, ಆದ್ದರಿಂದ ಖಚಿತಪಡಿಸಿಕೊಳ್ಳುವ ದಾರಿಯನ್ನು ನೋಡೋಣ. ಇಲ್ಲಿ ಕನ್ನಡ ಲಿಪಿಯಲ್ಲಿರುವ ಕಮಾಂಡ್‌ಗಳನ್ನೂ ಫೈಲುಗಳ ಹೆಸರುಗಳನ್ನೂ ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕೆಂಬುದು ನೆನಪಿರಲಿ.

ಮೊದಲು ಆ ದೋಷದ ವಿಚಾರ. 2024ರ ಜುಲೈ 1ರಂದು ಕ್ವಾಲಿಸ್ ಸಂಸ್ಥೆ ಇದನ್ನು ಬಹಿರಂಗಪಡಿಸಿತು. ಲಾಗಿನ್ ಆಗಲು ಕೊಟ್ಟ ಕಾಲಾವಕಾಶ, ಅಂದರೆ ಸಾಮಾನ್ಯವಾಗಿ 120 ಸೆಕೆಂಡುಗಳು, ಮುಗಿದ ಕ್ಷಣದಲ್ಲಿ ಓಡುವ ಕೋಡ್ ಆ ಹೊತ್ತಿನಲ್ಲಿ ಕರೆಯಬಾರದ ಫಂಕ್ಷನ್‌ಗಳನ್ನು ಕರೆಯುತ್ತಿತ್ತು. 2006ರಲ್ಲಿ ಒಮ್ಮೆ ಸರಿಪಡಿಸಿದ್ದ ತಪ್ಪೇ 8.5ನೇ ಆವೃತ್ತಿಯಲ್ಲಿ ಮರಳಿ ನುಸುಳಿತ್ತು. ಓಪನ್‌ಎಸ್‌ಎಸ್‌ಎಚ್ ತಂಡ ಅದೇ ದಿನ 9.8ನ್ನು ಹೊರತಂದು ಅದನ್ನು ಮುಚ್ಚಿತು. ತಪಾಸಣೆಯವರ ಸ್ಕ್ಯಾನರ್ ನೆಚ್ಚಿಕೊಂಡಿರುವುದು ಈ 9.8ನ್ನೇ.

ಡೆಬಿಯನ್‌ನ ಸ್ಥಿರ ಆವೃತ್ತಿಯ ರೀತಿಯೇ ಬೇರೆ. ಒಮ್ಮೆ ಬಿಡುಗಡೆಯಾದ ಮೇಲೆ ಅದು ಸಾಮಾನ್ಯವಾಗಿ ಮೂಲ ತಂಡದ ಹೊಸ ಆವೃತ್ತಿಯನ್ನು ಇಡಿಯಾಗಿ ತಂದು ಹಾಕುವುದಿಲ್ಲ. ಹೊಸದರಲ್ಲಿರುವ ತಿದ್ದುಪಡಿಯನ್ನಷ್ಟೇ ಬಿಡಿಸಿ ತೆಗೆದು ಹಳೆಯ ಕೋಡ್‌ಗೆ ತೇಪೆ ಹಾಕುತ್ತದೆ. ಹೆಂಚು ಒಡೆದರೆ ಆ ಹೆಂಚನ್ನು ಬದಲಿಸುತ್ತಾರೆಯೇ ಹೊರತು ಮಾಡನ್ನೇ ಕಿತ್ತು ಹೊಸದಾಗಿ ಕಟ್ಟುವುದಿಲ್ಲವಲ್ಲ, ಹಾಗೆ. ಆದ್ದರಿಂದ 9.2 ಎಂಬ ಅಂಕಿ ಕದಲುವುದಿಲ್ಲ, ಅದರ ಬಾಲ ಮಾತ್ರ ಬೆಳೆಯುತ್ತದೆ. ಟರ್ಮಿನಲ್‌ನಲ್ಲಿ ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ನಿಭಾಯಿಸುವ ಆಪ್ಟ್ ಸಾಧನಕ್ಕೆ ‘ಆಪ್ಟ್ ಪಾಲಿಸಿ’ ಎಂದು ಬರೆದು ಮುಂದೆ ಪ್ಯಾಕೇಜಿನ ಹೆಸರಾದ ‘ಓಪನ್‌ಎಸ್‌ಎಸ್‌ಎಚ್-ಸರ್ವರ್’ ಕೊಟ್ಟರೆ ‘1:9.2ಪಿ1-2+ಡೆಬ್12ಯು3’ ಎಂಬಂಥ ಸಾಲು ಕಾಣುತ್ತದೆ. ಇದರಲ್ಲಿ ಅಡ್ಡಗೆರೆಯ ಹಿಂದಿನ 9.2ಪಿ1 ಮೂಲ ತಂಡದ ಸಂಖ್ಯೆ. ಅಡ್ಡಗೆರೆಯ ಮುಂದಿನದೆಲ್ಲ ಡೆಬಿಯನ್‌ನವರದು. ಕೊನೆಯ ‘ಡೆಬ್12ಯು3’ ಎಂದರೆ ಡೆಬಿಯನ್ 12ಕ್ಕಾಗಿ ಮಾಡಿದ ಮೂರನೆಯ ಅಪ್‌ಡೇಟ್. ಮೊದಲಿಗಿರುವ 1 ಎಂಬುದು ಎಂದೋ ಸಂಖ್ಯಾಕ್ರಮ ಬದಲಾದಾಗ ಸೇರಿದ್ದು, ಅದನ್ನು ಬಿಟ್ಟುಬಿಡಿ. ಡಿಎಸ್‌ಎ-5724 ಎಂಬ ಡೆಬಿಯನ್ ಭದ್ರತಾ ಪ್ರಕಟಣೆಯ ಪ್ರಕಾರ ಈ ದೋಷ ಸರಿಹೋದದ್ದು ಯು3ರಲ್ಲಿ. ನಿಮ್ಮಲ್ಲಿ ಕೊನೆಯ ಅಂಕಿ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೆಲಸ ಆಗಿದೆ ಎಂದೇ ಅರ್ಥ. ವಿಚಿತ್ರವೆಂದರೆ, ಸಂಪರ್ಕ ಬಂದೊಡನೆ ಸರ್ವರ್ ತಾನಾಗಿ ಹೇಳಿಕೊಳ್ಳುವ ಪರಿಚಯದ ಸಾಲಿನಲ್ಲಿ, ಯಾರೂ ಬದಲಿಸದಿದ್ದರೆ, ಈ ಬಾಲವೂ ಇರುತ್ತದೆ. ಸಾಲಿನ ಮೊದಲರ್ಧವನ್ನಷ್ಟೇ ಓದಿ ತೀರ್ಪು ಕೊಡುವ ಸ್ಕ್ಯಾನರ್‌ಗಳ ಬಗ್ಗೆ ನನಗಂತೂ ಹೆಚ್ಚು ಗೌರವವಿಲ್ಲ.

ಇನ್ನು ‘ಏನು ಬದಲಾಯಿತು’ ಎಂಬ ಮುಖ್ಯ ಪ್ರಶ್ನೆ. ‘ಆಪ್ಟ್ ಚೇಂಜ್‌ಲಾಗ್’ ಎಂಬ ಕಮಾಂಡ್‌ಗೆ ಪ್ಯಾಕೇಜಿನ ಹೆಸರು ಕೊಟ್ಟರೆ ಅದರ ಬದಲಾವಣೆಗಳ ದಾಖಲೆ ಇಂಟರ್‌ನೆಟ್‌ನಿಂದ ಇಳಿದು ತೆರೆದುಕೊಳ್ಳುತ್ತದೆ. ಹೊಸದು ಮೇಲೆ, ಹಳೆಯದು ಕೆಳಗೆ. ಇಂಟರ್‌ನೆಟ್ ಇಲ್ಲದಿದ್ದರೂ ಚಿಂತೆಯಿಲ್ಲ, ಯುಎಸ್‌ಆರ್ ಫೋಲ್ಡರಿನ ಶೇರ್ ಒಳಗಿರುವ ಡಾಕ್‌ನಲ್ಲಿ ಪ್ರತಿ ಪ್ಯಾಕೇಜಿನ ಹೆಸರಿನಲ್ಲೂ ಇದರ ಪ್ರತಿಯೊಂದು ಕುಗ್ಗಿಸಿದ ಫೈಲಾಗಿ ಇರುತ್ತದೆ. ‘ಝಡ್‌ಲೆಸ್’ ಕಮಾಂಡಿನಿಂದ ಅದನ್ನು ಬಿಚ್ಚದೆಯೇ ಓದಬಹುದು. ಒಂದೊಂದು ನಮೂದಿನ ತಲೆಯಲ್ಲಿ ಆವೃತ್ತಿ ಮತ್ತು ತುರ್ತಿನ ಮಟ್ಟ, ಕೆಳಗೆ ನಕ್ಷತ್ರದ ಗುರುತು ಹಾಕಿದ ಬದಲಾವಣೆಗಳು, ಕೊನೆಯಲ್ಲಿ ಮಾಡಿದವರ ಹೆಸರು ಮತ್ತು ದಿನಾಂಕ. ನಡುವೆ ‘ಕ್ಲೋಸಸ್’ ಎಂದು ಬರೆದು ಒಂದು ಸಂಖ್ಯೆ ಕೊಟ್ಟಿದ್ದರೆ ಅದನ್ನು ಬಿಡಬೇಡಿ. ಅದು ಡೆಬಿಯನ್‌ನ ದೋಷ ದಾಖಲೆಯ ಸಂಖ್ಯೆ, ಒಂದು ಸಾಲಿನ ಬದಲಾವಣೆಯ ಹಿಂದಿನ ಇಡೀ ಚರ್ಚೆ ಅಲ್ಲಿ ಸಿಗುತ್ತದೆ.

ಯಾವ ದಿನ ಯಾವ ಪ್ಯಾಕೇಜ್ ಬದಲಾಯಿತೆಂಬುದೇ ಮರೆತಿದ್ದರೆ ವಾರ್ ಫೋಲ್ಡರಿನ ಲಾಗ್ ಒಳಗಿನ ಆಪ್ಟ್‌ನಲ್ಲಿ ‘ಹಿಸ್ಟರಿ’ ಎಂಬ ಫೈಲ್ ಇದೆ. ದಿನಾಂಕ, ಕೊಟ್ಟ ಕಮಾಂಡ್, ಪ್ರತಿ ಪ್ಯಾಕೇಜಿನ ಮುಂದೆ ಕಂಸದಲ್ಲಿ ಹಳೆಯ ಮತ್ತು ಹೊಸ ಆವೃತ್ತಿ, ಎಲ್ಲವೂ ಅಲ್ಲಿರುತ್ತವೆ. ಇದು ತಿಂಗಳಿಗೊಮ್ಮೆ ಹೊರಳಿ, ಸಾಮಾನ್ಯವಾಗಿ 12 ತಿಂಗಳವರೆಗೆ ಉಳಿಯುತ್ತದೆ. ಆದ್ದರಿಂದ ತಪಾಸಣೆಗೆ ಒಳಪಡುವ ಕಚೇರಿಯವರು ಬೇರೆಡೆ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. ‘ಆಪ್ಟ್-ಲಿಸ್ಟ್‌ಚೇಂಜಸ್’ ಎಂಬ ಪ್ಯಾಕೇಜನ್ನು ಹಾಕಿಕೊಂಡರೆ ಅಪ್‌ಡೇಟ್ ಒಳಸೇರುವ ಮುನ್ನವೇ ಮುಖ್ಯ ಸುದ್ದಿಯನ್ನು ಪರದೆಯ ಮೇಲೆ ತೋರಿಸುತ್ತದೆ. ಸಂರಚನೆಯ ಫೈಲಿನಲ್ಲಿ ನೀವೇ ಕೈಯಾಡಿಸಬೇಕಾದ ಬದಲಾವಣೆಗಳಿದ್ದಾಗ ಇದರ ಬೆಲೆ ತಿಳಿಯುತ್ತದೆ.

ತಪಾಸಣೆಯವರಿಗೆ ಯು3ರ ಚೇಂಜ್‌ಲಾಗ್ ನಮೂದು, ಡಿಎಸ್‌ಎ ಪ್ರಕಟಣೆ, ಹಿಸ್ಟರಿಯ ಸಾಲು, ಈ ಮೂರನ್ನೂ ಮುದ್ರಿಸಿ ಲಗತ್ತಿಸಿ. ದಯವಿಟ್ಟು 9.8ನ್ನು ಎಲ್ಲಿಂದಲೋ ತಂದು ಕೈಯಾರೆ ಕಂಪೈಲ್ ಮಾಡಿ ಹಾಕಬೇಡಿ. ಹಾಗೆ ಮಾಡಿದರೆ ಆ ಪ್ರತಿಗೆ ಮುಂದಿನ ಭದ್ರತಾ ಅಪ್‌ಡೇಟ್‌ಗಳು ಒಂದೂ ತಾವಾಗಿ ಬರುವುದಿಲ್ಲ.

ಪ್ರಶ್ನೆ: 2024ರ ಮಾರ್ಚ್ ಕೊನೆಯಲ್ಲಿ ಡೆಬಿಯನ್‌ನ ಅಸ್ಥಿರ ಆವೃತ್ತಿಯಿದ್ದ ನನ್ನ ಲ್ಯಾಪ್‌ಟಾಪ್‌ಗೆ ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಪ್ಯಾಕೇಜಿನ ‘5.6.1+ರಿಯಲಿ5.4.5-1’ ಎಂಬ ಆವೃತ್ತಿ ಬಂದಿತ್ತು. ಹೀಗೂ ಹೆಸರಿಡುತ್ತಾರೆಯೇ? ಚೇಂಜ್‌ಲಾಗ್ ಓದಿಕೊಂಡಿದ್ದರೆ ಅಂದಿನ ಮೋಸ ತಿಳಿಯುತ್ತಿತ್ತೇ?
– ಓದುಗರೊಬ್ಬರು, ಮಂಗಳೂರು

ಉತ್ತರ: 5.6.1ರಲ್ಲಿ ಹಿಂಬಾಗಿಲು, ಅಂದರೆ ಗುಟ್ಟಾಗಿ ಒಳನುಗ್ಗುವ ದಾರಿ, ಇದ್ದುದರಿಂದ ಹಳೆಯ 5.4.5ಕ್ಕೆ ಮರಳಬೇಕಾಗಿತ್ತು. ಆದರೆ ಸಂಖ್ಯೆ ಹಿಂದಕ್ಕೆ ಹೋದರೆ ಆಪ್ಟ್ ಅದನ್ನು ಅಪ್‌ಡೇಟ್ ಎಂದು ಒಪ್ಪುವುದಿಲ್ಲ. ಆದ್ದರಿಂದ ಮುಂದಿನ ಸಂಖ್ಯೆಯನ್ನು ಹೊರಗೆ ತೊಡಿಸಿ, ಒಳಗೆ ‘ನಿಜವಾಗಿ’ ಇರುವುದು 5.4.5 ಎಂದು ಬರೆದರು.

ಎರಡನೆಯ ಪ್ರಶ್ನೆಗೆ ಉತ್ತರ: ತಿಳಿಯುತ್ತಿರಲಿಲ್ಲ. 5.6.0 ಮತ್ತು 5.6.1ರಲ್ಲಿದ್ದ ಹಿಂಬಾಗಿಲಿನ ಸರಕನ್ನು ಪರೀಕ್ಷೆಗೆಂದು ಇಟ್ಟ ಫೈಲುಗಳಲ್ಲಿ ಅಡಗಿಸಲಾಗಿತ್ತು. ಅದನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟ್ ಎಲ್ಲರೂ ನೋಡುವ, ಮೂಲ ಕೋಡಿನ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ, ಬಿಡುಗಡೆಗೆಂದು ಕಟ್ಟಿದ ಟಾರ್ ಫೈಲಿನಲ್ಲಿ ಮಾತ್ರ ಇತ್ತು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಅಭಿವೃದ್ಧಿಯಲ್ಲಿ ತೊಡಗಿದ್ದ ಆಂಡ್ರೆಸ್ ಫ್ರಾಯ್ಂಡ್ ಅವರಿಗೆ ಅನುಮಾನ ಬಂದದ್ದು ಯಾವ ದಾಖಲೆಯನ್ನೂ ಓದಿ ಅಲ್ಲ, ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಕಂಡು. ಅವರು ಅದನ್ನು ಬಹಿರಂಗಪಡಿಸಿದ್ದು ಮಾರ್ಚ್ 29ರಂದು.

ಇದಕ್ಕೆ ತದ್ವಿರುದ್ಧವಾದ ಪ್ರಸಂಗವೂ ಡೆಬಿಯನ್‌ನಲ್ಲೇ ನಡೆದಿದೆ. 2006ರಲ್ಲಿ ಅಲ್ಲಿನ, ಗೂಢಲಿಪಿಯ ಕೀಲಿಗಳನ್ನು ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಿಂದ, ಒಂದು ಪರೀಕ್ಷಾ ಸಾಧನ ಎಚ್ಚರಿಕೆ ತೋರಿಸುತ್ತಿದೆಯೆಂಬ ಕಾರಣಕ್ಕೆ, ಯಾದೃಚ್ಛಿಕ ಸಂಖ್ಯೆಗಳಿಗೆ ಸಂಬಂಧಿಸಿದ ಕೋಡ್ ತೆಗೆದರು. ಚೇಂಜ್‌ಲಾಗ್‌ನಲ್ಲಿ ಅದನ್ನು ಪ್ರಾಮಾಣಿಕವಾಗಿ ಬರೆದೂ ಇದ್ದರು. ಅದರ ಪರಿಣಾಮವಾಗಿ ಕೀಲಿಗಳನ್ನು ಊಹಿಸುವುದು ಸುಲಭವಾಗಿತ್ತೆಂಬುದು ಪ್ರಕಟವಾದದ್ದು 2008ರ ಮೇ 13ರಂದು. ಸಾಲು ಎಲ್ಲರ ಕಣ್ಣೆದುರಿಗೇ ಇತ್ತು, ಅದರ ಅರ್ಥ ಯಾರಿಗೂ ಹೊಳೆದಿರಲಿಲ್ಲ.

ಹಾಗಾಗಿ ತೀರಾ ಮುಖ್ಯವಾದ ಪ್ಯಾಕೇಜುಗಳಿಗೆ ‘ಡೆಬ್‌ಡಿಫ್’ ಬಳಸಿ ನೋಡಿ. ಎರಡು ಆವೃತ್ತಿಗಳ ಮೂಲ ಪ್ಯಾಕೇಜುಗಳನ್ನು ಅದಕ್ಕೆ ಕೊಟ್ಟರೆ, ಟಾರ್ ಫೈಲಿನೊಳಗಿನದೂ ಸೇರಿದಂತೆ ಬದಲಾದ ಪ್ರತಿ ಸಾಲನ್ನೂ ಎದುರಿಗಿಡುತ್ತದೆ. ಹಳೆಯ ಪ್ಯಾಕೇಜುಗಳು ಡೆಬಿಯನ್‌ನ ಸ್ನ್ಯಾಪ್‌ಶಾಟ್ ಭಂಡಾರದಲ್ಲಿ ಸಿಗುತ್ತವೆ. ಅಂದಹಾಗೆ, ಶಿವಮೊಗ್ಗದ ಓದುಗರ ಡೆಬಿಯನ್ 12ರಲ್ಲಿ ಇದ್ದದ್ದು ಎಕ್ಸ್‌ಝಡ್ 5.4.1, ಹಿಂಬಾಗಿಲಿದ್ದ ಆವೃತ್ತಿ ಅಲ್ಲಿಗೆ ತಲುಪಿರಲೇ ಇಲ್ಲ.